ಊಟದ ಪ್ರಾರ್ಥನೆಯಲ್ಲಿ ಕದ್ದ ಉಸಿರು

ನಮ್ಮ ಮನೆಯ ಊಟದ ಪ್ರಾರ್ಥನೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕಟ್ಟಿದವನು ನಮ್ಮಪ್ಪ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿದ್ದ ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಚರ್ಚಿನಲ್ಲಿ ಎಲ್ಲರೂ ಅಚ್ಚಾದ ಪ್ರಾರ್ಥನೆ ನೋಡಿಕೊಂಡು ಹೇಳುವಾಗ ಅವನು ತುಟಿ ಅಲ್ಲಾಡಿಸುತ್ತಿದ್ದನಷ್ಟೆ. ಆದರೆ ಮನೆಯಲ್ಲಿ ತಾಟಿನ ಮುಂದೆ ಕುಳಿತಾಗ ಅವನದೇ ಮಾತು ನಡೆಯುತ್ತಿತ್ತು.

“ತಂದೆ, ಈ ರೊಟ್ಟಿಗೆ ಸ್ತೋತ್ರ, ಈ ಪಲ್ಯಾಕ್ಕ ಸ್ತೋತ್ರ. ಬೆಳದ ಕೈ ಕಾಯಿ, ಬಡದ ಕೈ ಕಾಯಿ. ಹಸದಾವ್ರನ್ನ ನಮ್ಮ ಬಾಗಲಿಗೆ ಕಳಸು, ಬಂದಾವ್ರನ್ನ ಬರಿಗೈಲೆ ಹೋಗಗೊಡಬ್ಯಾಡ. ಕೊಟ್ಟದ್ದು ನಿಂದು, ಉಂಡದ್ದು ನಿಂದು, ನಾವೂ ನಿನ್ನವರು. ಯೇಸುವಿನ ಹೆಸರಿನ್ಯಾಗ, ಆಮೆನ್.”

ಬಡದ ಕೈ ಅಂದರೆ ರೊಟ್ಟಿ ಬಡಿದ ಅವ್ವನ ಕೈ. ನಮ್ಮನ್ನು ಬಡಿಯುತ್ತಿದ್ದುದೂ ಅದೇ ಕೈ ಆದ್ದರಿಂದ ಆ ಸಾಲು ಬಂದಾಗ ನನ್ನ ಅಣ್ಣ ಸ್ತೇಫನ ದನಿ ಜೋರು ಮಾಡುತ್ತಿದ್ದ.

ಹೊಟ್ಟೆ ಹಸಿದಿರುತ್ತಿತ್ತು, ರೊಟ್ಟಿ ಬಿಸಿ ಇರುತ್ತಿತ್ತು. ಹೀಗಾಗಿ ನಾನೂ ಅಣ್ಣನೂ ಅದನ್ನು ಒಂದೇ ಉಸಿರಿನಲ್ಲಿ ಮುಗಿಸುವ ಪಂದ್ಯ ಹಚ್ಚಿದ್ದೆವು. ನಡುವೆ ಉಸಿರು ತೆಗೆದುಕೊಂಡವರು ಮೊದಲ ರೊಟ್ಟಿ ಬಿಟ್ಟುಕೊಡಬೇಕು. ನಾನು ಯಾವಾಗಲೂ ‘ಬಾಗಲಿಗೆ’ ಬರುವಷ್ಟರಲ್ಲಿ ಸೋಲುತ್ತಿದ್ದೆ. ಅಣ್ಣ ಸೋಲುತ್ತಲೇ ಇರಲಿಲ್ಲ. ಅದರ ಗುಟ್ಟನ್ನು ಅವನು ಬಹಳ ಸತಾಯಿಸಿ, ನನ್ನ ಪಾಲಿನ ಶೇಂಗಾ ಹೋಳಿಗೆ ಕಿತ್ತುಕೊಂಡ ಮೇಲೆ ಹೇಳಿಕೊಟ್ಟ. ‘ಹಸದಾವ್ರನ್ನ’ ಅನ್ನುವಾಗ ಮೊದಲ ಅಕ್ಷರವನ್ನು ಉಸಿರು ಬಿಡುತ್ತ ಹೇಳಬಾರದು, ಉಸಿರು ಎಳೆದುಕೊಳ್ಳುತ್ತ ಹೇಳಬೇಕು. ಹ ಅನ್ನುವುದೇ ಬರೀ ಉಸಿರು. ಒಳಗೆ ಎಳೆದರೂ ಅದು ಹ ಎಂದೇ ಕೇಳಿಸುತ್ತದೆ. ಕೇಳಿದವರಿಗೆ ಹುಡುಗಿಗೆ ಭಕ್ತಿಯಿಂದ ಗಂಟಲು ಕಟ್ಟಿತು ಅನ್ನಿಸಬೇಕು, ಅಷ್ಟೇ. ಅಪ್ಪ ಹಾಗೆಯೇ ತಿಳಿದು ನನ್ನ ತಲೆ ಸವರುತ್ತಿದ್ದ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆ ಆಟ ಮುಂದೊಂದು ದಿನ ನನ್ನನ್ನು ಸಾವಿನ ಹೊಸ್ತಿಲಿಗೆ ಒಯ್ದು ನಿಲ್ಲಿಸುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ರೂತ್. ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅವ್ವ ಮದುವೆಗೆ ಮುಂಚೆ ಗರಗದಲ್ಲಿ ಖಾದಿ ನೂಲು ತೆಗೆಯುತ್ತಿದ್ದಳು. ಅಣ್ಣ ಹತ್ತನೆಯ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು ಸೇರಿದ್ದರಿಂದ ನಾನು ಮುಂದೆ ಓದಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪದವಿಯ ಗೌನು ಹಾಕಿಕೊಂಡ ನನ್ನ ಫೋಟೋ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯ ಗೋಡೆಯ ಮೇಲೆ ಶಿಲುಬೆಯ ಕೆಳಗೆ ಇದೆ. ಬಂದವರಿಗೆಲ್ಲ ಅವ್ವ ಮೊದಲು ಶಿಲುಬೆ ತೋರಿಸುತ್ತಾಳೆ, ಆಮೇಲೆ ಫೋಟೋ. ನಾನು ಯಾವ ಪರೀಕ್ಷೆಯಲ್ಲೂ ನಪಾಸಾದವಳಲ್ಲ. ಆ ಹೆಮ್ಮೆಯೂ ಮುಂದೆ ತನ್ನ ಕೆಲಸ ಮಾಡಿತು.

ಬೇಸಿಗೆಯ ಹೊಸ್ತಿಲಲ್ಲಿ ನನಗೆ ಜ್ವರ, ಭೇದಿ ಬಂದು ಹೋಗಿದ್ದವು. ಎಲ್ಲರಿಗೂ ಬರುವಂಥದೇ. ಆಮೇಲಿನ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಬರುವಾಗ ಪಾದ ಜೋಮು ಹಿಡಿದಂತಾಯಿತು. ಇಳಿದು ಸ್ವಲ್ಪ ನಡೆದಿದ್ದೆ, ಹಿಂದಿನಿಂದ ಹೆಣ್ಣುಮಗಳೊಬ್ಬಳು ಕೂಗಿದಳು.

“ಅಕ್ಕಾರ, ಒಂದ ಕಾಲಿನ ಚಪ್ಪಲ್ ಬಸ್ಸಿನ್ಯಾಗ ಬಿಟ್ಟ ಹೊಂಟೀರಲ್ರಿ.”

ನೋಡಿಕೊಂಡೆ. ಬರಿಗಾಲು ಕಾದ ಸಿಮೆಂಟಿನ ಮೇಲಿತ್ತು. ಬಿಸಿ ತಿಳಿಯುತ್ತಿರಲಿಲ್ಲ.

ಮರುದಿನ ಚರ್ಚಿನಲ್ಲಿ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ನಾನು ಕುಳಿತೇ ಇದ್ದೆ. ಪಕ್ಕದಲ್ಲಿದ್ದ ಸಾರಾ ಅತ್ತಿ, ಅಂದರೆ ಅಪ್ಪನ ಅಕ್ಕ, ನನ್ನ ತೋಳು ಚಿವುಟಿದಳು.

“ಎದ್ದ ನಿಂದರು. ಡಿಗ್ರಿ ಆದಾವ್ರಿಗೆ ಬ್ಯಾರೆ ನೇಮ ಐತೇನು?”

“ಏಳಾಕ ಬರವಲ್ದತ್ತಿ.”

ಚೇಷ್ಟೆ ಎಂದುಕೊಂಡು ನನ್ನ ಮುಖ ನೋಡಿದವಳು ಚಿವುಟುವುದನ್ನು ಬಿಟ್ಟಳು. ಅವಳ ಕೈ ನನ್ನ ತೋಳಿನ ಮೇಲೆ ಹಾಗೇ ಉಳಿಯಿತು.

ಮೊದಲು ತೋರಿಸಿದ ಡಾಕ್ಟರು ನಿಶ್ಶಕ್ತಿ ಅಂದರು. ಗುಳಿಗೆ ನುಂಗುವಷ್ಟರಲ್ಲಿ ಮೊಳಕಾಲು ಹೋಯಿತು. ಮಾರನೆಯ ದಿನ ಅಣ್ಣ ನನ್ನನ್ನು ಕೂಸಿನ ಹಾಗೆ ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ತಂದ. ಅಲ್ಲಿ ನರಗಳಿಗೆ ಕರೆಂಟು ಕೊಟ್ಟು ನೋಡಿದರು, ಬೆನ್ನಹುರಿಯಿಂದ ನೀರು ತೆಗೆದರು. ರೋಗಕ್ಕೆ ಪರದೇಶದ ಒಂದು ಉದ್ದ ಹೆಸರು ಹೇಳಿದರು. ನಾಲಿಗೆ ಹೊರಳದೆ ಅಣ್ಣ ಅದನ್ನು ಇವತ್ತಿಗೂ ಗಿಲ್ಲಿ-ದಾಂಡು ಅನ್ನುತ್ತಾನೆ. ಹೆಸರಿಗಿಂತ ನನಗೆ ನೆನಪಿರುವುದು ನರರೋಗದ ಡಾಕ್ಟರಮ್ಮ ನನ್ನ ಮಂಚದ ಅಂಚಿಗೆ ಕುಳಿತು ಹೇಳಿದ ಮಾತು.

“ಇದು ಕಾಲಿಂದ ಮ್ಯಾಲೆ ಹತ್ತತದ. ಔಷಧ ಸುರು ಮಾಡೇವಿ. ಆದ್ರ ಅದು ಕೆಲಸ ಹಿಡಿಯೂತನಕಾ ರೋಗ ನಮ್ಮ ಸಲವಾಗಿ ಕಾಯಂಗಿಲ್ಲ. ಎದಿಗೆ ಬರೂದ್ರಾಗ ನಿಂತ್ರ ಛಲೋ. ಬಂತಂದ್ರ ಗಂಟಲಾಗ ನಳಿಗಿ ಇಳಿಸಿ ಮಷೀನಿಂದ ಉಸಿರ ಕೊಡಬೇಕಾಗ್ತದ.”

“ಮಷೀನ ಹಾಕಿದ್ರ ಉಳೀತಾಳಲ್ರಿ?” ಎಂದ ಅಣ್ಣ.

“ವ್ಯಾಳ್ಯಾಕ್ಕ ಸರಿಯಾಗಿ ಹಾಕಿದ್ರ ಉಳೀತಾಳ. ತಡಾ ಆತಂದ್ರ ಹೇಳಾಕ ಬರಂಗಿಲ್ಲ. ಬೆರಳಿಗೆ ಹಚ್ಚಿದ ಮಷೀನು ಕಡೀತನಕಾ ಎಲ್ಲಾ ಬರೋಬ್ಬರಿ ಅಂತನ ತೋರಸ್ತದ. ಅದನ್ನ ನಂಬಾಂಗಿಲ್ಲ. ಆಕಿ ಉಸಿರನ್ನ ನಾವು ಕಾಯಬೇಕು.”

ಐಸಿಯುಗೆ ಒಯ್ದರು. ಅವ್ವ ಹೊರಗಿನ ಬೆಂಚಿನ ಮೇಲೆ ಕುಳಿತಳು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು, ಪಾಸು ತೋರಿಸಿ ಒಳಗೆ ಬರಬಹುದಿತ್ತು. ಎರಡನೆಯ ದಿನ ಬೆಳಿಗ್ಗೆ ಅವ್ವ ತನ್ನ ಪಾಸನ್ನು ಸಾರಾ ಅತ್ತಿಗೆ ಕೊಟ್ಟಳು. ಅತ್ತಿ ನನ್ನ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿದಳು.

“ನಿನ್ನೆ ಪ್ರಾರ್ಥನಾ ಕೂಟದಾಗ ಎಲ್ಲಾರೂ ನಿನ್ನ ಸಲವಾಗಿ ಬೇಡಿಕೊಂಡ್ವಿ. ಬೇಡೂ ಮುಂದ ಕರ್ತ ನನ್ನ ಮನಸಿನ್ಯಾಗ ಹೇಳಿದ, ಇದು ಎದಿ ಮುಟ್ಟಂಗಿಲ್ಲ ಅಂತ. ನಾ ಎದ್ದ ನಿಂತ ಸಾಕ್ಷಿ ಹೇಳೀನಿ. ನೀ ವಿಶ್ವಾಸ ಗಟ್ಟಿ ಹಿಡಿ. ಮಷೀನ ಗಿಷೀನ ಅಂತ ಬಾಯಾಗ ತರಬ್ಯಾಡ.”

ನಮ್ಮಲ್ಲಿ ಸಾಕ್ಷಿ ಹೇಳುವುದೆಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ನಿಂತು ಒಪ್ಪಿಕೊಳ್ಳುವುದು. ಕೆಲಸ ಸಿಕ್ಕ ಮೇಲೆ ಹೇಳುತ್ತಾರೆ, ಹೆರಿಗೆಯಾದ ಮೇಲೆ ಹೇಳುತ್ತಾರೆ. ಅತ್ತಿ ಮುಂಗಡವಾಗಿ ಹೇಳಿಬಿಟ್ಟಿದ್ದಳು. ಪ್ರೀತಿಯಿಂದಲೇ ಹೇಳಿದ್ದು. ನಾನು ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡವಳು ಅವಳು. ಸಭೆಯವರೂ ಪ್ರೀತಿಯಿಂದಲೇ ಹಲ್ಲೆಲೂಯಾ ಅಂದಿದ್ದರು. ಆದರೆ ಅವಳು ಹೋದ ಮೇಲೆ ಆ ಮಾತು ನನ್ನ ಎದೆಯ ಮೇಲೆ ಕುಳಿತಿತು. ರೋಗ ಮೇಲೆ ಬಂದರೆ ಸೋಲುವವಳು ನಾನೊಬ್ಬಳೇ ಅಲ್ಲ. ಅತ್ತಿಯ ಮಾತು ಸೋಲುತ್ತದೆ, ಅಷ್ಟು ಜನರ ಹಲ್ಲೆಲೂಯಾ ಸೋಲುತ್ತದೆ, ಕಡೆಗೆ ದೇವರೇ ಸೋಲುತ್ತಾನೆ. ದೇವರ ಮಾನ ಕಾಯುವ ಕೆಲಸ ನನ್ನ ಪಾಲಿಗೆ ಬಂದಿದೆ ಎಂದು ನಾನು ಖಂಡಿತವಾಗಿ ನಂಬಿದೆ.

ಉಸಿರಿನ ಬಲ ನೋಡಲು ಊದುವ ಸಣ್ಣ ಯಂತ್ರವೊಂದಿತ್ತು. ನನ್ನ ತುಟಿಗಳು ಸಡಿಲವಾಗಿ ಗಾಳಿ ಪಕ್ಕದಿಂದ ಸೋರುತ್ತಿದ್ದುದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಹೀಗಾಗಿ ಐಸಿಯುದ ಸಣ್ಣ ಡಾಕ್ಟರು ಆಗಾಗ ಬಂದು ಹಳೆಯ ವಿಧಾನದಲ್ಲಿ ನೋಡುತ್ತಿದ್ದರು. “ಟೀಚರ್, ದೊಡ್ಡ ಉಸಿರ ತಗೊಂಡು ಒಂದರಿಂದ ಎಣಸ್ರಿ. ನಡುವ ಉಸಿರ ತಗೋಬ್ಯಾಡ್ರಿ.” ಎಲ್ಲಿಯವರೆಗೆ ಎಣಿಸುತ್ತೇನೋ ಅಷ್ಟು ನನ್ನ ಎದೆಯ ಬಲ.

ಮೊದಲ ದಿನ ಮೂವತ್ತು ದಾಟಿದ್ದೆ. ಆಮೇಲೆ ಇಪ್ಪತ್ತರ ಆಚೆ ಈಚೆ. ಅತ್ತಿ ಬಂದು ಹೋದ ದಿನ ಮಧ್ಯಾಹ್ನ ಎಣಿಸತೊಡಗಿದರೆ ಒಂಬತ್ತಕ್ಕೇ ಎದೆ ಬರಿದಾಯಿತು. ಚೀಲ ಕೊಡವಿದ ಹಾಗೆ, ಒಳಗೆ ಏನೂ ಇಲ್ಲ. ನಾನು ಮೇಲಿನ ತಾರಸಿ ನೋಡುತ್ತಿದ್ದೆ. ಆಗ ನನ್ನ ಬಾಯಿ ನನ್ನನ್ನು ಕೇಳದೆ ಹಳೆಯ ಆಟ ಆಡಿತು. ಹತ್ತು ಎನ್ನುವ ಹ ವನ್ನು ಒಳಗೆ ಎಳೆದುಕೊಂಡಿತು.

ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಹತ್ತೊಂಬತ್ತರವರೆಗೆ ಎಲ್ಲವೂ ಅದೇ ಉಸಿರಿನಿಂದ ಶುರು. ಇಷ್ಟು ವರ್ಷ ಗಣಿತ ಕಲಿಸಿದವಳಿಗೆ ಇದು ಹೊಳೆದಿರಲಿಲ್ಲ. ಒಂಬತ್ತು ಮುಟ್ಟಿದರೆ ಸಾಕು, ಮುಂದೆ ಹೆಜ್ಜೆಗೊಂದು ಉಸಿರು ಇಟ್ಟಿದೆ. ದೇವರೇ ನನಗಾಗಿ ದಾರಿ ತೆಗೆದಿದ್ದಾನೆ ಅಂದುಕೊಂಡೆ. ಮನುಷ್ಯ ತನ್ನ ಹೆದರಿಕೆಗೆ ಎಷ್ಟು ಸುಲಭವಾಗಿ ದೇವರ ಹೆಸರಿಡುತ್ತಾನೆ.

“ವೆರಿ ಗುಡ್ ಟೀಚರ್. ಮುಂಜಾನೆ ಇದ್ದಂಗನ ಅದ,” ಎಂದು ಡಾಕ್ಟರು ಬರೆದುಕೊಂಡು ಹೋದರು.

ಮುಂದಿನ ಸಲವೂ ಹಾಗೇ ಮಾಡಿದೆ. ಅದರ ಮುಂದಿನ ಸಲವೂ. ಅವರು ಬೆನ್ನು ತಿರುಗಿಸಿದ ಮೇಲೆ ನನಗೆ ನಾನೇ ಅಪ್ಪನ ಪ್ರಾರ್ಥನೆಯನ್ನು ಕದಿಯದೆ ಹೇಳಿ ನೋಡುತ್ತಿದ್ದೆ. ಒಮ್ಮೆ ‘ಬಡದ ಕೈ’ವರೆಗೆ ಹೋದೆ. ಆಮೇಲೆ ‘ಪಲ್ಯಾಕ್ಕ’ ಅನ್ನುವಲ್ಲಿ ನಿಂತೆ. ‘ನಾವೂ ನಿನ್ನವರು’ ಎನ್ನುವ ಸಾಲು ಬೇರೆ ಊರಿನಲ್ಲಿದ್ದ ಹಾಗೆ ದೂರವಿತ್ತು. ತಲೆ ದಿಂಬಿನಿಂದ ಏಳುತ್ತಿರಲಿಲ್ಲ. ಉಗುಳು ನುಂಗಲು ಹೆದರಿಕೆ. ಕಣ್ಣು ಮುಚ್ಚಿದರೆ ಉಸಿರಾಡುವುದು ಮರೆತುಹೋಗುತ್ತದೆ ಎಂದು ಹೆದರಿ ಕಣ್ಣು ಬಿಟ್ಟೇ ಇದ್ದೆ. ಬೆರಳಿನ ಯಂತ್ರ ಮಾತ್ರ ಎಲ್ಲ ಸರಿ ಇದೆ ಎಂದು ಟಿಕ್ ಟಿಕ್ ಅನ್ನುತ್ತಿತ್ತು. ಅದೂ ನಾನೂ ಸೇರಿ ಸುಳ್ಳು ಹೇಳುತ್ತಿದ್ದೆವು.

ಸಂಜೆ ಅಣ್ಣ ಬಂದ. ಕೈ ತೊಳೆದರೂ ಉಗುರಲ್ಲಿ ಗ್ರೀಸು ಇತ್ತು. “ನಮ್ಮ ಗ್ಯಾರೇಜಿಗೆ ಬಂದ ಗಾಡಿ ನಿನಗಿಂತ ಲಗೂ ಎದ್ದ ಓಡ್ತಾವು ನೋಡು,” ಎಂದು ನಗಿಸಲು ನೋಡಿದ. ಅಷ್ಟರಲ್ಲಿ ಸಣ್ಣ ಡಾಕ್ಟರು ಬಂದರು. ಅಣ್ಣನನ್ನು ಹೊರಗೆ ಕಳಿಸಲಿಲ್ಲ. ಎಣಿಸಲು ಹೇಳಿದರು.

ಈ ಸಲ ಒಂಬತ್ತು ಮುಟ್ಟುವುದೇ ಕಷ್ಟವಾಯಿತು. ಹೇಗೋ ಮುಟ್ಟಿದೆ. ಹತ್ತು. ಹನ್ನೊಂದು. ಹನ್ನೆರಡು.

ಅಣ್ಣನ ಮುಖ ಒಮ್ಮೆ ಅರಳಿತು, ಬಾಲ್ಯದ ಗೆಳೆಯ ಸಿಕ್ಕಿದ ಹಾಗೆ. ಮರುಕ್ಷಣ ಬಿಳಿಚಿಕೊಂಡಿತು.

“ಡಾಕ್ಟರ್ರ, ಬರಕೋಬ್ಯಾಡ್ರಿ, ನಿಂದರ್ರಿ. ಈಕಿ ಉಸಿರ ಕದ್ಲು.”

“ಏನಂದ್ರಿ?”

“ಸುಮ್ನಿರೋ... ಅಣ್ಣಾ,” ಎಂದೆ. ಎರಡು ಮಾತಿಗೆ ಎರಡು ಉಸಿರು ಬೇಕಾದವು.

“ಯಾಕ ಸುಮ್ನಿರ್ಲಿ? ಆ ವಿದ್ಯಾ ಕಲಿಸಿದಾಂವ ನಾನ. ಕಳ್ಳಿ, ನನ್ನ ಮುಂದ ಮಾಡ್ತಿ?” ಅವನು ಡಾಕ್ಟರ ಕಡೆ ತಿರುಗಿದ. “ಹ ಅಂಬೂದನ್ನ ಒಳಗ ಎಳಕೊಳ್ಳಾಕತ್ತಾಳ್ರಿ. ಹತ್ತಕ್ಕ ಎಳಕೊಂಡ್ಲು, ಹನ್ನೆರಡಕ್ಕೂ ಎಳಕೊಂಡ್ಲು. ಸಣ್ಣಾವ್ರಿದ್ದಾಗ ಊಟದ ಪ್ರಾರ್ಥನಿ ಹಿಂಗ ಅಂತಿದ್ವಿರಿ, ರೊಟ್ಟಿ ಗೆಲ್ಲಾಕ.”

ಡಾಕ್ಟರು ನನ್ನನ್ನು ನೋಡಿದರು. ಬೈಯಲಿಲ್ಲ. ತಮ್ಮ ಅಂಗೈಯನ್ನು ನನ್ನ ಪಕ್ಕೆಯ ಕೆಳಗೆ ಇಟ್ಟರು.

“ಟೀಚರ್, ಈಗ ಇಂಗ್ಲಿಷಿನ್ಯಾಗ ಎಣಸ್ರಿ.”

ಇಂಗ್ಲಿಷಿನಲ್ಲಿ ನನಗೆ ಅಡಗಲು ಜಾಗವಿರಲಿಲ್ಲ. ಸಿಕ್ಸ್ ಎನ್ನುವಲ್ಲಿಗೆ ಮುಗಿಯಿತು. ಅವರು ಹೊರಗೆ ಓಡಿದರು.

ಆಮೇಲೆ ಬಾಗಿಲ ಹೊರಗೆ ನಡೆದದ್ದನ್ನು ಅಣ್ಣ ಎಷ್ಟೋ ಸಲ ಅವ್ವ, ಅತ್ತಿ ಇಬ್ಬರ ದನಿಯನ್ನೂ ಅಣಕಿಸಿ ಹೇಳಿದ್ದಾನೆ. ಡಾಕ್ಟರಮ್ಮ ಬಂದು, ಈಗಲೇ ನಳಿಗೆ ಹಾಕಬೇಕು, ಒಪ್ಪಿಗೆ ಕೊಡಿ ಎಂದರು. ಸಾರಾ ಅತ್ತಿ ಅವ್ವನ ಕೈ ಹಿಡಿದಳು.

“ಬ್ಯಾಡ ತಂಗಿ. ಎದಿ ಮುಟ್ಟಂಗಿಲ್ಲ ಅಂತ ಕರ್ತ ಹೇಳ್ಯಾನ. ನೀ ಹೂಂ ಅಂದ್ರ ವಿಶ್ವಾಸ ಬಿಟ್ಟಂಗ ಆಗ್ತದ. ಒಂದ ರಾತ್ರಿ ತಡಿ.”

“ಎದಿ ಮುಟ್ಟೇತಿ ಸಾರಕ್ಕ.”

“ಹಂಗ ಅನಬ್ಯಾಡ.”

“ಇದ್ದದ್ದನ್ನ ಅನ್ನಾಕ ಯಾಕ ಅಂಜಲಿ? ಮುಟ್ಟದಿದ್ರೂ ಆತ ನಮ್ಮ ದೇವರ, ಮುಟ್ಟಿದ್ರೂ ಆತನ ನಮ್ಮ ದೇವರ. ಕೈ ಬಿಡು, ಸಹಿ ಮಾಡಬೇಕು.”

ಅವ್ವನಿಗೆ ಬರೆಯಲು ಬರುವುದು ತನ್ನ ಹೆಸರೊಂದೇ. ಅದನ್ನು ನಾನೇ ಕಲಿಸಿದ್ದು. ಡಾಕ್ಟರು ಸಿದ್ಧತೆ ಮಾಡಿಕೊಳ್ಳುವಾಗ ಅವಳನ್ನು ಒಳಗೆ ಬಿಟ್ಟರು. ಅವಳು ನನ್ನ ಕೆನ್ನೆಯ ಮೇಲೆ ಇಳಿದಿದ್ದ ಉಗುಳನ್ನು ಸೆರಗಿನಿಂದ ಒರೆಸಿದಳು.

“ಅವ್ವಾ... ಅತ್ತಿ ಸಾಕ್ಷಿ... ಸುಳ್ಳಾಗ್ತದ. ದೇವರ ಮಾನ...”

“ದೇವರ ಮಾನ ಕಾಯಾಕ ನೀ ಯಾರವ್ವಾ?” ಎಂದಳು, ಮೆಲ್ಲಗೆ. “ಆತ ನಿನ್ನ ಕಾಯಾಂವ, ನೀ ಆತನ್ನ ಕಾಯಾಕಿ ಅಲ್ಲ.”

“ಅಂಜಿಕಿ... ಬರ್ತದ.”

“ಬರ್ಲಿ. ನನಗೂ ಬರಾಕತ್ತೇತಿ. ಪೈಪು ಹಾಕಿದ್ರ ದೇವರು ಹೊರಗ ನಿಂದರ್ತಾನ ಅಂತ ತಿಳದಿ ಏನು? ಹೊರಗ ನಿಂದರೂದು ನಾವು. ಆತಗ ಪಾಸ್ ಬ್ಯಾಡ.”

ನರ್ಸು ಅವಳನ್ನು ಕರೆದುಕೊಂಡು ಹೋದರು. ಡಾಕ್ಟರು ನನ್ನ ಕೈಗೆ ಮಂಪರಿನ ಔಷಧ ಚುಚ್ಚಿದರು. ಅಪ್ಪನ ಪ್ರಾರ್ಥನೆ ಶುರು ಮಾಡಿದೆ. ರೊಟ್ಟಿಗೆ ಸ್ತೋತ್ರ ಎನ್ನುವಷ್ಟರಲ್ಲಿ ಕತ್ತಲಾಯಿತು.

ಇನ್ನೊಂದು ರಾತ್ರಿ ಕಾದಿದ್ದರೆ ನಿದ್ದೆಯಲ್ಲೇ ಉಸಿರು ನಿಂತು, ಆಮೇಲೆ ಗಡಿಬಿಡಿಯಲ್ಲಿ ನಳಿಗೆ ಹಾಕಬೇಕಾಗುತ್ತಿತ್ತು, ಆಗ ಮಿದುಳು ಉಳಿಯುತ್ತಿತ್ತೋ ಇಲ್ಲವೋ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ಮಷೀನಿನ ಮೇಲೆ ಇದ್ದ ದಿನಗಳನ್ನು ಅನುಭವಿಸಿದವರಿಗೆ ವಿವರಿಸುವುದು ಬೇಕಿಲ್ಲ, ಅನುಭವಿಸದವರಿಗೆ ವಿವರಿಸುವುದು ಕಷ್ಟ. ಎಚ್ಚರವಿರುತ್ತದೆ. ಎಲ್ಲ ಕೇಳಿಸುತ್ತದೆ. ಒಂದು ಬೆರಳೂ ಅಲ್ಲಾಡುವುದಿಲ್ಲ. ಮೂಗಿನ ತುದಿ ತುರಿಸಿದರೆ ಅದು ತಾನಾಗಿ ಬೇಸತ್ತು ಬಿಡುವವರೆಗೆ ಕಾಯಬೇಕು. ನಮ್ಮ ನಡುವಿನ ಭಾಷೆಯೆಂದರೆ ಇಷ್ಟೇ, ಕಣ್ಣುಗುಡ್ಡೆ ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಬೇಡ.

ನನಗೆ ಯಾವ ದರ್ಶನವೂ ಆಗಲಿಲ್ಲ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. ಮಷೀನು ಉಸ್ಸೆಂದು ನನ್ನ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ಮೊದಲು ಅದು ಅವಮಾನವೆನ್ನಿಸಿತು. ಸ್ವಂತ ದುಡಿಮೆಯಿಂದ ಇಲ್ಲಿಯವರೆಗೆ ಬಂದವಳು ನಾನು, ಉಸಿರನ್ನು ಕಡ ತಂದಂತಾಯಿತಲ್ಲ ಎಂದು. ಬಹಳ ಹೊತ್ತು ಬೇರೇನೂ ಕೆಲಸವಿಲ್ಲದೆ ಅದನ್ನೇ ಕೇಳುತ್ತ ಕೇಳುತ್ತ ಒಂದು ವಿಷಯ ತಿಳಿಯಿತು. ಇದಕ್ಕೆ ಮೊದಲು ಮಾತ್ರ ನನ್ನ ಉಸಿರು ಯಾವಾಗ ನನ್ನದಾಗಿತ್ತು? ಅದು ಓದಿ ಗಳಿಸಿದ್ದಲ್ಲ, ಅಂಕ ತೆಗೆದು ಪಡೆದದ್ದಲ್ಲ. ಮನುಷ್ಯನನ್ನು ಮಾಡಲು ಮಣ್ಣಿನ ಮೂಗಿನೊಳಗೆ ಉಸಿರು ಊದಿದವನು ಒಬ್ಬನಿದ್ದಾನೆ ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ನಾನೇ ಕಲಿಸಿದ್ದೆ. ಕಲಿಸುವಾಗ ಆ ಮಣ್ಣು ಬೇರೆ ಯಾರೋ ಎಂದುಕೊಂಡಿದ್ದೆ.

ಇದರಿಂದ ಹೆದರಿಕೆ ಹೋಯಿತು ಎಂದು ಹೇಳಲಾರೆ. ಹೆದರಿಕೆಯ ಜೊತೆಗೆ ಮಲಗಲು ಜಾಗ ಸಿಕ್ಕಿತು.

ಊಟವೆಂದರೆ ಮೂಗಿನ ಸಣ್ಣ ನಳಿಗೆಯಿಂದ ಬಿಡುವ ಹಾಲು, ತೆಳ್ಳಗಿನ ಗಂಜಿ. ಸಂಜೆಯ ಹಾಲು ಬಿಡುವ ಹೊತ್ತಿಗೆ ಅಣ್ಣ ಬರುತ್ತಿದ್ದ. ಮೊದಲ ದಿನವೇ ನರ್ಸಿನ ಕೈ ತಡೆದ.

“ಸಿಸ್ಟರ್, ಸ್ವಲ್ಪ ನಿಂದರ್ರಿ. ನಮ್ಮ ಮನ್ಯಾಗ ಪ್ರಾರ್ಥನಿ ಇಲ್ದ ಉಣ್ಣಂಗಿಲ್ಲ.”

ತಂದೆ, ಈ ಹಾಲಿಗೆ ಸ್ತೋತ್ರ, ಈ ನಳಿಗಿಗೆ ಸ್ತೋತ್ರ ಎಂದು ಶುರು ಮಾಡಿದ. ಬಡದ ಕೈ ಎನ್ನುವಲ್ಲಿ ನಿಂತು, “ಕಾಸಿದ ಕೈ,” ಎಂದು ತಿದ್ದಿದ. ಹಸದಾವ್ರನ್ನ ಎನ್ನುವಾಗ ನನ್ನ ಕಡೆ ನೋಡಿ, ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ಉಸಿರು ಎಳೆದುಕೊಂಡ. ನನಗೆ ನಗಲು ಬರುತ್ತಿರಲಿಲ್ಲ. ಮಷೀನು ಮಾತ್ರ ಒಮ್ಮೆ ಕಿರ್ರೆಂದಿತು.

“ನಕ್ಕಾಳ್ರಿ ಆಕಿ,” ಎಂದಳು ಆ ನರ್ಸು. ಶಿವಲೀಲಾ ಅಂತ, ಅಮ್ಮಿನಬಾವಿಯವಳು. ಕೊರಳಲ್ಲಿ ಲಿಂಗದ ಕರಡಿಗೆ. ಒಂದು ಸಂಜೆ ಅಣ್ಣ ಬರಲಿಲ್ಲ. ಹಾಲಿನ ಬಟ್ಟಲು ಹಿಡಿದು ಅವಳು ನನ್ನ ಮುಂದೆ ನಿಂತಳು.

“ಇವತ್ತು ಇಷ್ಟೊತ್ತಾದ್ರೂ ನಿಮ್ಮಣ್ಣಾರು ಬರಲಿಲ್ರಿ. ಹಾಲು ಆರತಾವು. ನಾನ ಅಂದ್ರ ನಡೀತದ? ತಪ್ಪಾದ್ರ ಕಣ್ಣ ಕೆಳಗ ಮಾಡ್ರಿ.”

ಒಂದು ಮಾತೂ ತಪ್ಪದೆ ಹೇಳಿದಳು. ನಾವೂ ನಿನ್ನವರು ಎನ್ನುವುದನ್ನೂ ಹೇಳಿದಳು. ಕಣ್ಣು ಮೇಲೆತ್ತಿದೆ. ನೀರು ತುಂಬಿದ್ದರಿಂದ ಅವಳೇ ಒರೆಸಬೇಕಾಯಿತು.

ಅವಳೇ ಒಂದು ಬೆಳಿಗ್ಗೆ ಅವ್ವನನ್ನು ಕೇಳಿದಳು. “ಆಯಿ, ತಪ್ಪ ತಿಳೀಬ್ಯಾಡ್ರಿ. ಇಷ್ಟ ನಂಬ್ತೀರಿ, ನಿಮ್ಮ ದೇವರು ಯಾಕ ಹಿಂಗ ಮಾಡ್ಯಾನ?”

ಅವ್ವ ನನ್ನ ಕಾಲಿನ ಬೆರಳು ಒತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನಂಗ ಗೊತ್ತಿಲ್ಲವ್ವ. ನಾ ಗರಗದಾಗ ನೂಲತಿದ್ದೆ. ನೂಲು ಒಯ್ಯಾಕ ಬರ್ತಿದ್ರು, ಒಯ್ತಿದ್ರು. ಅದು ಧೋತರ ಆತೋ, ಧ್ವಜ ಆತೋ, ಯಾರ ಮೈಮ್ಯಾಲೆ ಹೋತೋ, ನಾ ನೋಡಿದಾಕಿ ಅಲ್ಲ. ಎಳಿ ಹರದ್ರ ಕೂಡಸೂದು, ಮತ್ತ ನೂಲೂದು. ನೇಯಾಂವ ಬ್ಯಾರೆ ಅದಾನ, ಆತಗ ಗೊತ್ತೈತಿ ಅಂತ ನಂಬೀನಿ. ಇಷ್ಟ.”

ಬೆರಳಿನ ತುದಿ ಅಲ್ಲಾಡಿದ ದಿನ ಅಣ್ಣ ಇಡೀ ಆಸ್ಪತ್ರೆಗೆ ಪೇಢೆ ಹಂಚಲು ಹೊರಟಿದ್ದನಂತೆ, ಡಾಕ್ಟರಮ್ಮ ತಡೆದರು. ಮಷೀನು ಬಿಡಿಸಿದ ಮೇಲೆ ಹಂಚಿ ಎಂದರು.

ಬಿಡಿಸುವ ಮುಂಚೆ ಪರೀಕ್ಷೆ. ಮಷೀನಿನ ಆಸರೆ ತೆಗೆದು, ನಳಿಗೆ ಇದ್ದ ಹಾಗೇ ನನ್ನಷ್ಟಕ್ಕೆ ಉಸಿರಾಡಬೇಕು. ಡಾಕ್ಟರಮ್ಮ ಎದುರಿಗೆ ಕುಳಿತರು. “ಸಾಕು ಅನ್ನಿಸಿದ್ರ ಕಣ್ಣ ಕೆಳಗ ಮಾಡ್ರಿ ಟೀಚರ್. ಈ ಸಲ ಕದ್ರ ನಾ ಕೇಳಂಗಿಲ್ಲ,” ಎಂದು ನಕ್ಕರು. ಅವರ ಕಣ್ಣು ನಗಲಿಲ್ಲ.

ಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಪಕ್ಕೆಗಳು ಸೋತವು. ಗಾಜಿನ ಆಚೆ ಅವ್ವ, ಅಣ್ಣ, ಸಾರಾ ಅತ್ತಿ ಮೂವರೂ ನಿಂತಿದ್ದರು. ಅತ್ತಿಯ ತುಟಿ ಅಲ್ಲಾಡುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹಲ್ಲು ಕಚ್ಚಿದರೆ ಪಾಸಾಗುತ್ತೇನೆ ಎಂದು ನನ್ನೊಳಗಿನ ಹಳೆಯ ಹುಡುಗಿ ಹೇಳಿದಳು. ಪಾಸಾಗದಿದ್ದರೆ? ಇನ್ನು ಎಂದೂ ಬಿಡಿಸಲಾಗದಿದ್ದರೆ? ನಾನು ಗಾಜಿನ ಆಚೆ ಅವರನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಕಣ್ಣು ಕೆಳಗೆ ಮಾಡಿದೆ.

ಬದುಕಿನಲ್ಲಿ ಮೊದಲ ಸಲ ನಾನಾಗಿಯೇ ನಪಾಸಾದೆ. ಮಷೀನು ಮತ್ತೆ ಉಸ್ಸೆಂದು ನನ್ನನ್ನು ಎತ್ತಿಕೊಂಡಿತು. ಹೊರಗೆ ಅತ್ತಿ ಬೆಂಚಿನ ಮೇಲೆ ಕುಸಿದು ಕುಳಿತದ್ದು ಕಂಡಿತು. ಅವ್ವ ನನ್ನ ಕಡೆ ನೋಡಿ ತಲೆದೂಗಿದಳು, ಫಸ್ಟ್ ಕ್ಲಾಸ್ ಬಂದ ದಿನ ತಲೆದೂಗಿದ ಹಾಗೆಯೇ.

ಕೆಲವು ದಿನ ಬಿಟ್ಟು ಮತ್ತೆ ನೋಡಿದರು. ಆಗ ಕಣ್ಣು ಕೆಳಗೆ ಮಾಡಬೇಕಾಗಲಿಲ್ಲ. ನಳಿಗೆ ಹೊರಗೆ ಬಂದಾಗ ಗಂಟಲಿನಿಂದ ಹೊರಟ ದನಿ ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಅಣ್ಣ ಪೇಢೆ ಹಂಚಿದ. ನನಗೆ ಮಾತ್ರ ನುಂಗಲು ಪರವಾನಗಿ ಇರಲಿಲ್ಲ. ನನ್ನ ಮುಂದೆ ನಿಂತೇ ತಿಂದ.

ಈಗ ಶಾಲೆಗೆ ಹೋಗುತ್ತಿದ್ದೇನೆ. ಬೋರ್ಡಿನ ಮೇಲೆ ಬಹಳ ಹೊತ್ತು ಬರೆದರೆ ಕೈ ಸೋಲುತ್ತದೆ. ಎಡಗಾಲಿನ ಪಾದ ಪೂರ್ತಿ ಎಚ್ಚರವಾಗಿಲ್ಲ, ಅದಕ್ಕೆ ಹಿಂದೆ ಪಟ್ಟಿಯಿರುವ ಚಪ್ಪಲಿ. ಫಿಸಿಯೋಥೆರಪಿಯ ಕೋಣೆಯ ಹೊರಗೆ ಹೆಬ್ಬಳ್ಳಿಯ ಒಬ್ಬ ತಾಯಿ ಸಿಕ್ಕಿದ್ದರು. ಅವರ ಮಗನಿಗೆ ಇದೇ ರೋಗ, ಒಳಗೆ ಐಸಿಯುದಲ್ಲಿದ್ದ. ನನ್ನ ಕೋಲು, ನನ್ನ ಕಾಲು, ನನ್ನ ಮುಖ ನೋಡಿದರು.

“ನಿಮಗ ಆರಾಮ ಆತಲ್ರಿ. ನನ್ನ ಮಗಗೂ ಆಗ್ತದೇನ್ರಿ?”

ಆಗುತ್ತದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ. “ಅದನ್ನ ಹೇಳಾಕ ನಾ ದೇವರಲ್ರಿ. ಡಾಕ್ಟರು ಎಣಸಾಕ ಹಚ್ಚಿದಾಗ ಖರೇ ಎಣಸಂತ ಹೇಳ್ರಿ ಅವಗ. ಅಂಜಿಕಿ ಬಂದ್ರ ಅಂಜಿಕಿ ಬಂದೈತಿ ಅಂತ ಹೇಳಂತ ಹೇಳ್ರಿ. ನಾ ಇಲ್ಲೇ ಕುಂಡ್ರತೇನಿ,” ಎಂದೆ. ಕುಳಿತೆವು. ಅವರು ತಮ್ಮ ದೇವರ ಹೆಸರು ಹೇಳುತ್ತಿದ್ದರು, ನಾನು ನನ್ನವನನ್ನು ಬೇಡುತ್ತಿದ್ದೆ. ಈ ಬರಹ ಅವರಿಗೆ ಮತ್ತು ಅವರಂತೆ ಬೆಂಚಿನ ಮೇಲೆ ಕುಳಿತವರಿಗೆ.

ನನಗೆ ಯಾಕೆ ಬಂತು, ದೇವರ ಉದ್ದೇಶವೇನು ಎಂದು ಇನ್ನೂ ಕೇಳುತ್ತಾರೆ. ನನಗೆ ಗೊತ್ತಿಲ್ಲ. ಉದ್ದೇಶ ಗೊತ್ತಿರುವುದೂ ಆ ಉದ್ದೇಶವುಳ್ಳವನನ್ನು ನಂಬುವುದೂ ಬೇರೆ ಬೇರೆ ಎಂದಷ್ಟೇ ಗೊತ್ತು. ಎರಡನೆಯದನ್ನು ಬಿಟ್ಟಿಲ್ಲ.

ಮನೆಗೆ ಬಂದ ಮೇಲಿನ ಮೊದಲ ಭಾನುವಾರ ಅವ್ವ ಜೋಳದ ರೊಟ್ಟಿ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಸಾರಾ ಅತ್ತಿ ಬಾಗಿಲಲ್ಲೇ ನಿಂತಿದ್ದಳು. ಅವಳು ದಿನವೂ ಆಸ್ಪತ್ರೆಗೆ ಬಂದರೂ ಆ ಸಂಜೆಯ ಮಾತು ಯಾರೂ ಎತ್ತಿರಲಿಲ್ಲ.

“ನಾ ಕೇಳಿಸಿಕೊಂಡದ್ದ ತಪ್ಪೋ, ನಾ ಅಂದದ್ದ ತಪ್ಪೋ, ಇನ್ನೂ ತಿಳೀವಲ್ದು,” ಎಂದಳು ಅವ್ವನಿಗೆ.

“ಬಾಗಲದಾಗ ನಿಂತು ಕೇಳಿದ್ರ ತಿಳಿಯಂಗಿಲ್ಲ ಸಾರಕ್ಕ. ಒಳಗ ಬಾ. ರೊಟ್ಟಿ ಆರತಾವು.”

ಕುಳಿತರು. ಪ್ರಾರ್ಥನೆ ನಾನು ಹೇಳಬೇಕೆಂದು ಅವ್ವ ಕಣ್ಣಿನಲ್ಲೇ ಹೇಳಿದಳು.

“ಒಂದ ಉಸಿರಿನ್ಯಾಗ ಏನು? ಪಂದ್ಯ?” ಎಂದ ಅಣ್ಣ. ಅವನ ಕೈ ಆಗಲೇ ಮೇಲಿನ ರೊಟ್ಟಿಯ ಹತ್ತಿರವಿತ್ತು.

ಶುರು ಮಾಡಿದೆ. ತಂದೆ, ಈ ರೊಟ್ಟಿಗೆ ಸ್ತೋತ್ರ, ಈ ಪಲ್ಯಾಕ್ಕ ಸ್ತೋತ್ರ. ಬೆಳದ ಕೈ ಕಾಯಿ, ಬಡದ ಕೈ ಕಾಯಿ. ಅಲ್ಲಿಗೆ ಉಸಿರು ಮುಗಿಯಿತು. ಮುಂದಿನ ಅಕ್ಷರ ಹ.

ನಿಂತೆ. ಬಾಯಿ ತೆರೆದು, ಎಲ್ಲರಿಗೂ ಕೇಳುವ ಹಾಗೆ, ಹೊಟ್ಟೆಯ ಬುಡದವರೆಗೆ ಉಸಿರು ತೆಗೆದುಕೊಂಡೆ. ಅಣ್ಣ ಮೇಲಿನ ರೊಟ್ಟಿ ಎತ್ತಿ ನನ್ನ ತಾಟಿಗೆ ಹಾಕಿದ. ಹಸದಾವ್ರನ್ನ ಎಂದು ಶುರು ಮಾಡಿ, ಇನ್ನೆರಡು ಕಡೆ ನಿಂತು ಉಸಿರು ತೆಗೆದುಕೊಂಡು, ನಾವೂ ನಿನ್ನವರು ಎನ್ನುವಲ್ಲಿಗೆ ಬಂದೆ. ರೊಟ್ಟಿಯ ಹಬೆ ಆಗಲೇ ಇಳಿದಿತ್ತು. ಯಾರೂ ಅವಸರ ಮಾಡಲಿಲ್ಲ.